ನಾಲ್ಕು ಲಕ್ಷ, ನಾಲ್ಕು ವರ್ಷ: ರೊಕ್ಕ ಎಲ್ಲಿ ಇಡಬೇಕು?

ಕಿನ್ನಾಳ ಗೊಂಬೆ, ಕೊಪ್ಪಳ
ಎಲ್ರಿಗೂ ನಮಸ್ಕಾರ ರೀ. 4 ಲಕ್ಷ ಐತಿ, ಅದರ ಮ್ಯಾಲೆ ತಿಂಗಳಿಗೆ 5,000 ಉಳಿತೈತಿ. ನಾಲ್ಕು ವರ್ಷಕ್ಕ ಮಗಳ ಕಾಲೇಜ್ ಫೀ ಕಟ್ಟೋ ಹೊತ್ತಿಗೆ ಪೂರಾ ರೊಕ್ಕ ಕೈಗೆ ಬರಬೇಕು, ಒಂದು ತಿಂಗಳೂ ತಡ ಆಗಂಗಿಲ್ಲ. ಮುಂದ ಇರೋ ದಾರಿ ಇವು: ಸೌಹಾರ್ದ ಸಹಕಾರಿ ಸಂಘದಾಗ ಹತ್ತೂವರಿ ಪರ್ಸೆಂಟ್, ದಲಾಲಿ ಅಂಗಡಿಯಾಗ ತಿಂಗಳಿಗೆ ನೂರಕ್ಕ ಒಂದೂವರಿ ರೂಪಾಯಿ, ಎನ್‌ಎಸ್‌ಸಿ (ಅಂಚೆಯ ಉಳಿತಾಯ ಪತ್ರ), ಬಂಗಾರ, ಕಂತಿನ ಪ್ಲಾಟ್, ಮ್ಯೂಚುವಲ್ ಫಂಡ್. ಯಾವುದು ಬ್ಯಾಡ ಅನ್ನೋದನ್ನೂ ಕಾರಣ ಹಚ್ಚಿ ಹೇಳ್ರಿ.

ಸೋನಾ ಮಸೂರಿ, ಗಂಗಾವತಿ
ಎನ್‌ಎಸ್‌ಸಿ ಮಾಡಿಸಿ ಆರಾಮ ಇರ್ರಿ. 7.7 ಪರ್ಸೆಂಟ್, ಸರ್ಕಾರದ್ದು. 1,000ಕ್ಕ 1,449 ಬರ್ತೈತಿ. ನಾಲ್ಕು ಲಕ್ಷಕ್ಕ 5,79,600 ಚಿಲ್ಲರೆ.

ಕೌಂಟರ್ ನಂಬರ್ 3
@ಸೋನಾ ಮಸೂರಿ ಅಣ್ಣಾರ, ಪ್ರಶ್ನೆ ಇನ್ನೊಂದು ಸಲ ಓದ್ರಿ. ಅವರಿಗೆ ಬೇಕಾಗಿದ್ದು ನಾಲ್ಕು ವರ್ಷಕ್ಕೆ, ಎನ್‌ಎಸ್‌ಸಿ ಐದು ವರ್ಷದ್ದು. ಮಧ್ಯದಲ್ಲಿ ಮುರಿಸೋಕೆ ಬರಲ್ಲ. ಖಾತೆದಾರ ತೀರಿಕೊಂಡರೆ, ಕೋರ್ಟ್ ಆದೇಶ ಬಂದರೆ, ಇಲ್ಲ ಅಡವಿಟ್ಟುಕೊಂಡ ಅಧಿಕಾರಿ ಜಪ್ತಿ ಮಾಡಿದರೆ ಮಾತ್ರ. "ಮಗಳ ಫೀ" ಅನ್ನೋದು ಆ ಪಟ್ಟಿಯಲ್ಲಿಲ್ಲ. ಬ್ಯಾಂಕಿಗೆ ಅಡ ಇಟ್ಟು ಸಾಲ ತೆಗೀಬಹುದು, ಆದರೆ ನಮ್ಮದೇ ದುಡ್ಡಿಗೆ ನಾವೇ ಬಡ್ಡಿ ಕಟ್ಟೋದು ಯಾಕೆ?

ಸೋನಾ ಮಸೂರಿ, ಗಂಗಾವತಿ
ಹೌದ್ರಿ, ನಾಲ್ಕು ಅನ್ನೋದು ಕಣ್ಣಿಗೆ ಬೀಳಲಿಲ್ಲ. ಹಂಗಾದ್ರ ಅಂಚೆಯ ಐದು ವರ್ಷದ ಟಿಡಿ, ಅಂದ್ರ ಅವಧಿ ಠೇವಣಿ, 7.5. ಅದನ್ನ ಮುರಿಸಬಹುದಲ್ಲ?

ಕೌಂಟರ್ ನಂಬರ್ 3
ಅದೂ ಇಲ್ಲ. 2023ರ ನವೆಂಬರ್‌ನಿಂದ ನಿಯಮ ಬದಲಾಗಿದೆ. ಐದು ವರ್ಷದ ಟಿಡಿ ನಾಲ್ಕು ವರ್ಷದ ಒಳಗೆ ಮುಚ್ಚೋಕೆ ಬರಲ್ಲ. ನಾಲ್ಕಾದ ಮೇಲೆ ಮುಚ್ಚಿದರೆ ಉಳಿತಾಯ ಖಾತೆಯ 4 ಪರ್ಸೆಂಟ್ ಲೆಕ್ಕ. ಹೆಚ್ಚಿಗೆ ಕೊಟ್ಟ ಬಡ್ಡಿ ಅಸಲಿನಲ್ಲಿ ಕಡಿತಾರೆ. ನಾಲ್ಕು ವರ್ಷದ ಟಿಡಿ ಅಂತ ಅಂಚೆಯಲ್ಲಿ ಇಲ್ಲ. ಇರೋದು 1, 2, 3, 5 ಅಷ್ಟೇ.
ಹಾಗಾಗಿ ಮೂರು ವರ್ಷದ್ದು 7.1ಕ್ಕೆ ಮಾಡಿಸಿ, ಅದು ಮುಗಿದ ಮೇಲೆ ಒಂದು ವರ್ಷದ್ದು. ನಾಲ್ಕು ಲಕ್ಷಕ್ಕೆ ವರ್ಷಕ್ಕೆ 29,160ರ ಹತ್ತಿರ ಬಡ್ಡಿ. ಲೆಕ್ಕ ತ್ರೈಮಾಸಿಕ ಹಾಕ್ತಾರೆ, ಕೊಡೋದು ವರ್ಷಕ್ಕೊಮ್ಮೆ. ಜನ ಎಡವೋದು ಇಲ್ಲೇ: ಆ ವಾರ್ಷಿಕ ಬಡ್ಡಿ ತೆಗೆಯದೆ ಬಿಟ್ಟರೆ ಅದರ ಮೇಲೆ ಒಂದು ಪೈಸೆ ಹುಟ್ಟಲ್ಲ. ಖಾತೆ ತೆಗೆಯುವಾಗಲೇ ಬಡ್ಡಿ ಎಸ್‌ಬಿ (ಉಳಿತಾಯ) ಖಾತೆಗೆ ಹೋಗಲಿ ಅಂತ ಬರೆದುಕೊಡಿ.

ರಾಯಚೂರು ಬಿಸಿಲು
ಇಷ್ಟೆಲ್ಲ ಯಾಕ್ರಿ. ದಲಾಲಿ ಅಂಗಡಿಯಾಗ ನೂರಕ್ಕ ಒಂದೂವರಿ ಅಂದ್ರ ವರ್ಷಕ್ಕ 18 ಪರ್ಸೆಂಟ್ ಆಯ್ತು. ನಾಲ್ಕು ಲಕ್ಷಕ್ಕ 72,000. ಪೋಸ್ಟ್ ಆಫೀಸಿನವರು ಎರಡೂವರಿ ವರ್ಷಕ್ಕ ಕೊಡೋದನ್ನ ಅವರು ಒಂದೇ ವರ್ಷಕ್ಕ ಕೊಡ್ತಾರ. ಹತ್ತಿ, ಭತ್ತ ಮಾರಿದ ರೊಕ್ಕ ಅಲ್ಲೇ ಬಿಡೋದು ನಮ್ಮ ಕಡೆ ಮೊದಲಿಂದ ಬಂದ ಪದ್ಧತಿ ಅದ.

ಮಾನ್ವಿ ಮುಂಗಾರು
ಪದ್ಧತಿ ಅದ, ಖರೆ. ಹಂಗಾಮಿಗೆ ಗೊಬ್ಬರ, ಬೀಜ, ಔಷಧ ಉದ್ರಿ ಬೇಕಂತ ಬಿಡ್ತಾರ, ಅದು ಕೊಡಕೊಳ್ಳೋ ವ್ಯವಹಾರ. ಮಗಳ ಫೀ ರೊಕ್ಕ ಅಲ್ಲಿ ಯಾಕ ಇಡ್ತೀರಿ? ಎಪಿಎಂಸಿ ಲೈಸೆನ್ಸ್ ಮಾಲು ಮಾರಿಸಲಿಕ್ಕೆ ಕೊಟ್ಟಿದ್ದು, ಊರವರ ಠೇವಣಿ ಇಟ್ಕೊಳ್ಳಲಿಕ್ಕೆ ಅಲ್ಲ. ಒಂದು ವರ್ಷ ಹತ್ತಿ ರೇಟು ಬಿತ್ತು, ಇಲ್ಲ ಕೆನಾಲಿಗೆ ನೀರು ಬರಲಿಲ್ಲ ಅಂದ್ರ ರೈತನ ಉದ್ರಿ ಅಂಗಡಿಗೆ ತಿರುಗಿ ಬರೋದಿಲ್ಲ. ಅಂಗಡಿಯವ ನಿಮಗೆಲ್ಲಿಂದ ಕೊಡ್ತಾನ? 2024ರ ಆಗಸ್ಟಿನಾಗ ಟಿಬಿ (ತುಂಗಭದ್ರಾ) ಡ್ಯಾಂ 19ನೇ ಗೇಟು ಕೊಚ್ಚಿಹೋದಾಗ ನಾಲ್ಕೂ ಜಿಲ್ಲೆ ಮಂದಿ ಉಸಿರು ಹಿಡ್ಕೊಂಡು ಕುಂತಿದ್ದರು. ನಿಮ್ಮ 18 ಪರ್ಸೆಂಟ್ ನಿಂತಿರೋದು ಆ ನೀರಿನ ಮ್ಯಾಲೆ.

ರಾಯಚೂರು ಬಿಸಿಲು
ಪ್ರೋನೋಟ್ (ಸಾಲದ ಪತ್ರ) ಬರೆಸ್ಕೊಂಡ್ರ ಆಯ್ತಲ್ಲ.

ಬಳ್ಳಾರಿ ಲೆಕ್ಕಪತ್ರ
ಬರೆಸ್ಕೊಳ್ರಿ, ಆದ್ರೆ ಮೂರು ಮಾತು ತಲೆಯಲ್ಲಿರಲಿ.
ಡಿಮ್ಯಾಂಡ್ ಪ್ರೋನೋಟ್ ಹಿಡಿದು ಕೋರ್ಟಿಗೆ ಹೋಗೋ ಅವಧಿ ಬರೆದ ದಿನದಿಂದ ಮೂರು ವರ್ಷ. ಇವರಿಗೆ ದುಡ್ಡು ಬೇಕಾಗಿರೋದು ನಾಲ್ಕನೇ ವರ್ಷ. ಅಷ್ಟರಲ್ಲಿ ಪಾರ್ಟಿ ಒಂದಿಷ್ಟು ಕಟ್ಟಿ, ನೋಟಿನ ಹಿಂದೆ ಬರೆದು ಸಹಿ ಹಾಕಿದ್ರೆ ಅವತ್ತಿನಿಂದ ಮತ್ತೆ ಮೂರು ವರ್ಷ ಸಿಗತ್ತೆ. ಸಹಿ ಹಾಕಿಲ್ಲ ಅಂದ್ರೆ ಅದು ಬರೀ ಕಾಗದ.
ಎರಡನೇದು, 20,000 ಮತ್ತು ಅದರ ಮೇಲಿನ ಸಾಲ ನಗದಿನಲ್ಲಿ ತಗೊಳ್ಳಬಾರದು ಅಂತ ಆದಾಯ ತೆರಿಗೆ ಕಾಯ್ದೆ. ದಂಡ ತಗೊಂಡಷ್ಟೇ ಮೊತ್ತ, ಬೀಳೋದು ತಗೊಂಡವನಿಗೆ. ಹಂಗಾಗಿ ಕೋರ್ಟ್ ಅಂದ ತಕ್ಷಣ ಅವನು "ತಗೊಂಡೇ ಇಲ್ಲ" ಅನ್ನೋಕೆ ಶುರು.
ಮೂರನೇದು, ಹತ್ತು ಮಂದಿಗೆ ಬಡ್ಡಿಗೆ ಕೊಡೋ ದಂಧೆ ಆದ್ರೆ ಲೇವಾದೇವಿ ಲೈಸೆನ್ಸ್ ಬೇಕು. ಇಲ್ಲದಿದ್ರೆ ವಸೂಲಿ ಮಾಡೋಕೆ ಹೋದವರ ಮೇಲೇ ಕೇಸು.

ಮಾನ್ವಿ ಮುಂಗಾರು
ಒಂದು ತಿದ್ದುಪಡಿ ಸರ್. ಕೊಟ್ಟವರು, ತಗೊಂಡವರು ಇಬ್ಬರದೂ ಕೃಷಿ ಆದಾಯ ಇದ್ದು, ಇಬ್ಬರಿಗೂ ತೆರಿಗೆ ಬೀಳೋ ಆದಾಯ ಇಲ್ಲ ಅಂದ್ರ 20,000ದ ನಿಯಮ ಹತ್ತೋದಿಲ್ಲ.

ಬಳ್ಳಾರಿ ಲೆಕ್ಕಪತ್ರ
ಸರಿ ಹೇಳಿದ್ರಿ. ದಲಾಲಿ ಅಂಗಡಿಗೆ ಮಾತ್ರ ಆ ವಿನಾಯಿತಿ ಸಿಗಲ್ಲ, ಅದು ವ್ಯಾಪಾರದ ಆದಾಯ.

ಕುಷ್ಟಗಿ ಅಕ್ಕ
ಸೌಹಾರ್ದದ್ದು ಯಾರೂ ಹೇಳವಲ್ಲರಿ. ಹತ್ತೂವರಿ ಕೊಡ್ತಾರ, ಬೋರ್ಡ್ ಐತಿ, ಕಂಪ್ಯೂಟರ್ ಐತಿ, ಪಾಸ್‌ಬುಕ್ ಕೊಡ್ತಾರ. ಬ್ಯಾಂಕ್ ಇದ್ದಂಗ ಐತಿ.

ಕೌಂಟರ್ ನಂಬರ್ 3
ಅಕ್ಕಾ, "ಇದ್ದಂಗ" ಅನ್ನೋ ಮಾತಲ್ಲೇ ಎಲ್ಲ ಇದೆ. ಬ್ಯಾಂಕ್ ಮುಳುಗಿದರೆ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ ಡಿಐಸಿಜಿಸಿಯ ಠೇವಣಿ ವಿಮೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಕೊಡುತ್ತೆ. 2020ರ ಫೆಬ್ರವರಿ 4ಕ್ಕೆ ಮುಂಚೆ ಅದು 1 ಲಕ್ಷ ಇತ್ತು. ಸಹಕಾರಿ ಬ್ಯಾಂಕಿಗೂ ಈ ವಿಮೆ ಇದೆ. ಪತ್ತಿನ ಸಹಕಾರ ಸಂಘಕ್ಕೆ, ಸೌಹಾರ್ದ ಸಹಕಾರಿಗೆ ಇಲ್ಲ. ಅವು ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಪಡೆದ ಬ್ಯಾಂಕುಗಳಲ್ಲ, 1959ರ ಇಲ್ಲವೇ 1997ರ ರಾಜ್ಯ ಕಾಯ್ದೆಯಡಿ ನೋಂದಣಿಯಾದ ಸಂಸ್ಥೆಗಳು. ಗುರುತು ಹಿಡಿಯೋಕೆ ಬೋರ್ಡಿನ ಹೆಸರು ಓದಿ. ಲೈಸೆನ್ಸ್ ಇಲ್ಲದ ಸಂಘ "ಬ್ಯಾಂಕ್" ಅಂತ ಹಾಕಿಕೊಳ್ಳೋ ಹಾಗಿಲ್ಲ. ಅನುಮಾನ ಇದ್ದರೆ ಡಿಐಸಿಜಿಸಿ ವೆಬ್‌ಸೈಟಿನಲ್ಲಿ ವಿಮೆ ಇರೋ ಬ್ಯಾಂಕುಗಳ ಪಟ್ಟಿ ಇದೆ, ಅಲ್ಲಿ ಹೆಸರು ಹುಡುಕಿ.

ಕುಷ್ಟಗಿ ಅಕ್ಕ
ಎಲ್ಲಾ ಸಂಘನೂ ಮುಳುಗ್ತಾವೇನ್ರಿ? ಇಪ್ಪತ್ತು ವರ್ಷದಿಂದ ಚಲೋ ನಡೆಸೋರೂ ಅದಾರ.

ಸಂಡೂರು ಗುಡ್ಡ
ಅದಾರ ಅಕ್ಕಾರೆ, ಇಲ್ಲ ಅನ್ನಲ್ಲ. ಇಡೋದೇ ಆದ್ರೆ ಮೊದಲು ವಾರ್ಷಿಕ ವರದಿ ಕೇಳ್ರಿ. ನೀವು ಸದಸ್ಯರಾದ್ರೆ ಕೇಳೋ ಹಕ್ಕೈತೆ. ಆಡಿಟ್ ವರ್ಗ ಎ ಐತಾ, ಸಿ ಐತಾ. ಸುಸ್ತಿ ಸಾಲ ಎಷ್ಟು. ಆಡಳಿತ ಮಂಡಳಿಯವರ ಮನೆಯವರಿಗೇ ಎಷ್ಟು ಸಾಲ ಹೋಗೈತೆ. ವರದಿ ಕೇಳಿದ್ರೆ ಚಾ ತರಿಸ್ತಾರೆ, ವರದಿ ತರಿಸಲ್ಲ ಅಂದ್ರೆ ಚಾ ಕುಡಿದು ಎದ್ದು ಬರ್ರಿ. ಇನ್ನೊಂದು, ಠೇವಣಿಗೆ ಹತ್ತೂವರೆ ಕೊಡೋರು ಸಾಲ ಹದಿನಾಲ್ಕು ಹದಿನೈದಕ್ಕೆ ಕೊಡ್ಲೇಬೇಕು. ಬ್ಯಾಂಕಲ್ಲಿ ಹತ್ತಕ್ಕೆ ಸಾಲ ಹುಟ್ಟೋ ಮನುಷ್ಯ ಅಲ್ಲಿಗೆ ಯಾಕೆ ಬರ್ತಾನೆ? ಬರೋನು ಬ್ಯಾಂಕ್ ಒಲ್ಲೆ ಅಂದೋನು.

ಒಗ್ಗರಣೆ ಮಿರ್ಚಿ
ಚಾ ಜೊತೆ ಮಿರ್ಚಿನೂ ತರಿಸಿದ್ರೆ?

ಸಂಡೂರು ಗುಡ್ಡ
ಮಿರ್ಚಿ ತರಿಸಿದ್ರೆ ಇನ್ನೂ ಅನುಮಾನ ಪಡ್ಬೇಕು ಕಣಯ್ಯ.

ಬಳ್ಳಾರಿ ಲೆಕ್ಕಪತ್ರ
5 ಲಕ್ಷದ ವಿಮೆ ಅಂದ್ರೆ ಅಸಲು ಮತ್ತು ಬಡ್ಡಿ ಎರಡೂ ಸೇರಿ, ಆ ಬ್ಯಾಂಕಿನ ಎಲ್ಲಾ ಶಾಖೆ ಕೂಡಿಸಿ. ನಾಲ್ಕು ಲಕ್ಷ ಆರೂವರೆಗೆ ಎಫ್‌ಡಿ ಇಟ್ಟು ಬಡ್ಡಿ ಅದರಲ್ಲೇ ಬೆಳೆಯೋಕೆ ಬಿಟ್ರೆ ನಾಲ್ಕು ವರ್ಷಕ್ಕೆ 5,17,000 ದಾಟತ್ತೆ. ಅದೇ ಬ್ಯಾಂಕಲ್ಲಿ ತಿಂಗಳಾ 5,000ದ ಆರ್‌ಡಿನೂ (ತಿಂಗಳ ಕಂತಿನ ಠೇವಣಿ) ಇದ್ರೆ ಅದೊಂದು 2,74,000. ಸಣ್ಣ ಬ್ಯಾಂಕ್ ಆದ್ರೆ ಎರಡು ಕಡೆ ಹಂಚಿ.
ಇನ್ನೊಂದು ಯಾರೂ ಗಮನಿಸದ್ದು: 2025ರ ಮೇ 1ಕ್ಕೆ ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕ್ ನಮ್ಮ ಬಳ್ಳಾರಿ ಮುಖ್ಯ ಕಚೇರಿಯ ಬ್ಯಾಂಕಿನ ಜೊತೆ ಸೇರಿ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯ್ತು. ಗದಗದಲ್ಲಿ ಅಲ್ಲೊಂದು, ಕೊಪ್ಪಳದಲ್ಲಿ ಇಲ್ಲೊಂದು ಠೇವಣಿ ಇಟ್ಟೋರು ಎರಡು ಬ್ಯಾಂಕ್ ಅನ್ಕೊಂಡಿರ್ತಾರೆ. ಈಗ ಅದು ಒಂದೇ.

ಕಿನ್ನಾಳ ಗೊಂಬೆ, ಕೊಪ್ಪಳ
ಸೌಹಾರ್ದ, ದಲಾಲಿ ಎರಡೂ ಬಿಟ್ಟೆ. ತಿಂಗಳಾ 5,000ಕ್ಕ ಪೋಸ್ಟ್ ಆಫೀಸ್ ಆರ್‌ಡಿ ಮಾಡಿದ್ರ ನಡಿತೈತೇನ್ರಿ? 6.7 ಅಂತ.

ಕೌಂಟರ್ ನಂಬರ್ 3
ಮತ್ತೆ ಅದೇ ತೊಂದರೆ. ಅಂಚೆ ಆರ್‌ಡಿ ಐದು ವರ್ಷದ್ದು, ಮೂರು ವರ್ಷದ ಮೇಲೆ ಮುಚ್ಚಬಹುದು, ಆದರೆ ಬಡ್ಡಿ ಎಸ್‌ಬಿ ದರ. ನಾಲ್ಕನೇ ವರ್ಷ ಮುಚ್ಚಿದರೆ 2,40,000 ಕಟ್ಟಿದ್ದಕ್ಕೆ ಬಡ್ಡಿ 20,000ದ ಆಸುಪಾಸು. ಬ್ಯಾಂಕಿನಲ್ಲಿ 48 ತಿಂಗಳಿಗೇ ಅಂತ ಆರ್‌ಡಿ ತೆಗೆದರೆ, ಆರೂವರೆ ಸಿಕ್ಕಿದರೂ 34,500. ದರ ಕಮ್ಮಿ, ಕೈಗೆ ಬರೋದು ಜಾಸ್ತಿ. ಅವಧಿ ಹೊಂದಬೇಕು, ಆಮೇಲೆ ದರ ನೋಡಬೇಕು.

ಸೋನಾ ಮಸೂರಿ, ಗಂಗಾವತಿ
ಅಂಚೆ ಆರ್‌ಡಿ ಪರವಾಗಿ ಒಂದು ಮಾತು. ಒಕ್ಕಲುತನದವರಿಗೆ ತಿಂಗಳಾ ತಿಂಗಳಾ ರೊಕ್ಕ ಬರೋದಿಲ್ಲ, ಸುಗ್ಗಿಗೆ ಬರ್ತೈತಿ. ಅಲ್ಲಿ ಮುಂಗಡ ಕಟ್ಟಬಹುದು. 100 ರೂಪಾಯಿ ಆರ್‌ಡಿಗೆ ಆರು ತಿಂಗಳದ್ದು ಒಮ್ಮೆಗೆ ಕಟ್ಟಿದ್ರ 10 ರೂಪಾಯಿ ರಿಯಾಯ್ತಿ, ಹನ್ನೆರಡು ತಿಂಗಳದ್ದಕ್ಕ 40. 5,000ದ ಆರ್‌ಡಿಗೆ ವರ್ಷದ್ದು ಒಮ್ಮೆಗೆ ಕಟ್ಟಿದ್ರ 2,000 ಬಿಡ್ತಾರ. ಐದು ವರ್ಷ ತಡೆಯೋರಿಗೆ ಇದು ಚಲೋ.

ಕೌಂಟರ್ ನಂಬರ್ 3
ಒಪ್ಪಿದೆ. ತಪ್ಪಿಸಿದರೆ ಮಾತ್ರ ತಿಂಗಳಿಗೆ ನೂರಕ್ಕೆ 1 ರೂಪಾಯಿ ದಂಡ, ನಾಲ್ಕು ಕಂತು ಮೀರಿ ತಪ್ಪಿದರೆ ಖಾತೆ ನಿಲ್ಲುತ್ತೆ, ಎರಡು ತಿಂಗಳೊಳಗೆ ಎಬ್ಬಿಸಿಕೊಳ್ಳಬೇಕು. ತಿಂಗಳ 15ರೊಳಗೆ ತೆಗೆದ ಖಾತೆಗೆ ಪ್ರತಿ ತಿಂಗಳು 15ರೊಳಗೇ ಕಟ್ಟಬೇಕು.

ಹಟ್ಟಿ ಹೊನ್ನು
ಬಂಗಾರ ಮರೆತೇಬಿಟ್ರಲ್ಲ! ದೇಶಕ್ಕ ಬಂಗಾರ ತೆಗೆದು ಕೊಡೋ ಹಟ್ಟಿ ನಮ್ಮ ರಾಯಚೂರು ಜಿಲ್ಲೆದಾಗ ಅದ, ಮಂದಿ ಪೋಸ್ಟ್ ಆಫೀಸ್ ಸಾಲಿನಾಗ ನಿಂತಾರ. ಈ ನಾಲ್ಕೈದು ವರ್ಷದಾಗ ಬಂಗಾರ ಏರಿದಂಗ ಯಾವುದು ಏರ್ಯದ ಹೇಳ್ರಿ?

ಬಳ್ಳಾರಿ ಲೆಕ್ಕಪತ್ರ
ಏರಿದ್ದು ನಿಜ. 2012ರ ಕೊನೆಗೆ ಕೊಂಡೋರು ಮುಂದೆ ಐದಾರು ವರ್ಷ ಅಸಲಿಗೇ ಕಾದು ಕೂತಿದ್ದೂ ಅಷ್ಟೇ ನಿಜ. ಯಾವ ನಾಲ್ಕು ವರ್ಷ ಅಂತ ಮೊದಲೇ ಗೊತ್ತಾಗಲ್ಲ.
ಒಡವೆ ಆದ್ರೆ ಲೆಕ್ಕ ಇನ್ನೂ ಕೆಟ್ಟದ್ದು. ಕೊಳ್ಳುವಾಗ 3 ಪರ್ಸೆಂಟ್ ಜಿಎಸ್‌ಟಿ, ಮಜೂರಿ ಹತ್ತೋ ಹನ್ನೆರಡೋ ಪರ್ಸೆಂಟ್, ಮಾರುವಾಗ ಅವೆರಡೂ ಹೋಯ್ತು. ಅಂದ್ರೆ ರೇಟು 13-15 ಪರ್ಸೆಂಟ್ ಏರೋವರೆಗೂ ನೀವು ನಷ್ಟದಲ್ಲೇ. ಹಾಕ್ಕೊಳ್ಳೋಕೆ ಬೇಕಿದ್ರೆ ಕೊಳ್ರಿ, ಅದನ್ನ ಉಳಿತಾಯ ಅಂತ ಬರೀಬೇಡಿ. ಕೊಂಡ್ರೆ ಆರು ಅಕ್ಷರ-ಅಂಕಿಯ ಎಚ್‌ಯುಐಡಿ (ಒಡವೆಯ ಗುರುತು ಸಂಖ್ಯೆ) ನೋಡಿ, 2023ರ ಏಪ್ರಿಲ್‌ನಿಂದ ಹಾಲ್‌ಮಾರ್ಕ್ ಒಡವೆಗೆ ಅದು ಕಡ್ಡಾಯ.

ಹಟ್ಟಿ ಹೊನ್ನು
ಸರ್ಕಾರದ ಗೋಲ್ಡ್ ಬಾಂಡ್?

ಬಳ್ಳಾರಿ ಲೆಕ್ಕಪತ್ರ
2024ರ ಫೆಬ್ರವರಿ ನಂತರ ಹೊಸ ಕಂತು ಬಿಟ್ಟಿಲ್ಲ. ಷೇರುಪೇಟೆಯಲ್ಲಿ ಹಳೇದು ಸಿಗತ್ತೆ, ದಿನಕ್ಕೆ ಕೈಬದಲಾಗೋದೇ ಕಮ್ಮಿ. ಗೋಲ್ಡ್ ಇಟಿಎಫ್ (ಷೇರುಪೇಟೆಯಲ್ಲಿ ಕೊಳ್ಳೋ ಬಂಗಾರದ ಫಂಡ್) ಆದ್ರೆ ಮಜೂರಿ ಇಲ್ಲ, ಡಿಮ್ಯಾಟ್ (ಷೇರು ಇಡೋ) ಖಾತೆ ಬೇಕು. 4 ಲಕ್ಷದಲ್ಲಿ 30-40 ಸಾವಿರ ಅಲ್ಲಿಗೆ ಹೋದ್ರೆ ತಕರಾರಿಲ್ಲ.

ಒಗ್ಗರಣೆ ಮಿರ್ಚಿ
ಕಂತಿನ ಪ್ಲಾಟ್ ಕಥೆ ಏನು? ಹೈವೇ ಪಕ್ಕ ಕಲ್ಲು ನೆಟ್ಟು ಬಾವುಟ ಕಟ್ಟಿರೋ ಲೇಔಟ್‌ಗಳು.

ಸಂಡೂರು ಗುಡ್ಡ
ಅಲ್ಲಿ ಬಾವುಟ ಒಂದೇ ಖರೆ. 500 ಚದರ ಮೀಟರ್ ಮೇಲಿನ ಲೇಔಟ್ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗ್ಬೇಕು, ನಂಬರ್ ಕೇಳ್ರಿ. ಎನ್‌ಎ (ಕೃಷಿಯೇತರ) ಆದೇಶ, ಇ-ಖಾತಾ ಇಲ್ಲದ್ದು ಮುಟ್ಟಬ್ಯಾಡ್ರಿ. ಎಲ್ಲಾ ಸರಿ ಇದ್ರೂ 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ 1ರಿಂದ 2 ಪರ್ಸೆಂಟ್ ಆಗೈತೆ, ಸ್ಟಾಂಪ್ ಸೇರಿ 7.6. ಮುಖ್ಯ ಏನಂದ್ರೆ ಕಾಲೇಜಿನ ಫೀಗೆ ಪ್ಲಾಟಿನ ಒಂದು ಮೂಲೆ ಕತ್ತರಿಸಿ ಕೊಡಾಕ ಬರಲ್ಲ. ಕೊಳ್ಳೋನು ಸಿಗೋವರೆಗೂ ಕಾಯ್ಬೇಕು.

ಐಟಿಐ ಹುಡುಗ, ತೋರಣಗಲ್ಲು
ಇಂಡೆಕ್ಸ್ ಫಂಡ್ (ಷೇರು ಸೂಚ್ಯಂಕದ ಮ್ಯೂಚುವಲ್ ಫಂಡ್) ಹಾಕಿ ಸುಮ್ನಿರಿ ಗುರು. ಎಲ್ಲಾ ಮುದುಕರ ಸಲಹೆ ಆಯ್ತು ಇಲ್ಲಿ.

ಬಳ್ಳಾರಿ ಲೆಕ್ಕಪತ್ರ
ತಮ್ಮಾ, ಹತ್ತು ವರ್ಷ ಆದ್ರೆ ನಾನೂ ಅದನ್ನೇ ಹೇಳ್ತಿದ್ದೆ. 2020ರಲ್ಲಿ ಜನವರಿಯಿಂದ ಮಾರ್ಚ್ ಒಳಗೆ ಷೇರು ಸೂಚ್ಯಂಕ ನಿಫ್ಟಿ ಹತ್ತಿರಹತ್ತಿರ 38 ಪರ್ಸೆಂಟ್ ಇಳೀತು. ಮತ್ತೆ ಏರಿತು, ಒಪ್ಪಿದೆ. ಆದ್ರೆ ಆ ಏಪ್ರಿಲ್ಲಿಗೇ ಫೀ ಕಟ್ಟೋದಿದ್ದೋನು ಏನು ಮಾಡ್ಬೇಕು? ತಿಂಗಳ 5,000ದಲ್ಲಿ 1,000-1,500 ಇಂಡೆಕ್ಸ್ ಫಂಡಿಗೆ ಹೋಗ್ಲಿ, ಏಜೆಂಟ್ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್, ಮೂರನೇ ವರ್ಷದ ಕೊನೆಯಿಂದ ನಿಧಾನಕ್ಕೆ ತೆಗೆದು ಎಸ್‌ಬಿಗೆ ತರ್ಲಿ. ವರ್ಷಕ್ಕೆ 1.25 ಲಕ್ಷದವರೆಗೆ ದೀರ್ಘಾವಧಿ ಲಾಭಕ್ಕೆ ತೆರಿಗೆ ಇಲ್ಲ. ಡೆಟ್ (ಸಾಲಪತ್ರದ) ಫಂಡಿನ ತೆರಿಗೆ ಲಾಭ 2023ರ ಏಪ್ರಿಲ್ ನಂತರ ಕೊಂಡಿದ್ದಕ್ಕೆ ಹೋಯ್ತು, ಎಫ್‌ಡಿಗೂ ಅದಕ್ಕೂ ಈಗ ಒಂದೇ ತೆರಿಗೆ ಸ್ಲ್ಯಾಬು.

ಕೌಂಟರ್ ನಂಬರ್ 3
ನಾಲ್ಕು ಲಕ್ಷಕ್ಕೆ ಇನ್ನೊಂದು ದಾರಿ ಇದೆ, ಯಾರೂ ಹೇಳಲಿಲ್ಲ: ಅಂಚೆ ಎಂಐಎಸ್ (ತಿಂಗಳಾ ಬಡ್ಡಿ ಕೊಡೋ ಯೋಜನೆ), 7.4. ಅದೂ ಐದು ವರ್ಷದ್ದೇ, ಆದರೆ ಇದರಲ್ಲಿ ಮುರಿಸೋ ದಂಡ ಸಣ್ಣದು. ಒಂದು ವರ್ಷದ ಒಳಗೆ ಬರಲ್ಲ, ಮೂರು ವರ್ಷದೊಳಗೆ ಅಸಲಿನ 2 ಪರ್ಸೆಂಟ್, ಮೂರರಿಂದ ಐದರ ನಡುವೆ 1 ಪರ್ಸೆಂಟ್ ಹಿಡಿತಾರೆ. ಕೊಟ್ಟ ಬಡ್ಡಿ ವಾಪಸ್ ಕೇಳಲ್ಲ.
ಲೆಕ್ಕ ನೋಡಿ. ತಿಂಗಳಿಗೆ 2,466. ನಾಲ್ಕು ವರ್ಷಕ್ಕೆ 1,18,400. ಮುಚ್ಚುವಾಗ 4,000 ದಂಡ. ನಿವ್ವಳ 1,14,400.

ಮಾನ್ವಿ ಮುಂಗಾರು
ಟಿಡಿ ಮೂರು ವರ್ಷ ಪ್ಲಸ್ ಒಂದು ವರ್ಷ ಲೆಕ್ಕ ಹಾಕಿದ್ರ 87,500 ಮತ್ತು 28,300, ಒಟ್ಟು 1,15,800. ಟಿಡಿನೇ ಹೆಚ್ಚಾಯ್ತಲ್ಲ ಸರ್.

ಕೌಂಟರ್ ನಂಬರ್ 3
ಬಡ್ಡಿಯನ್ನ ಮುಟ್ಟದೆ ಮತ್ತೆ ದುಡಿಸಿದರೆ ಲೆಕ್ಕ ತಿರುಗುತ್ತೆ. ಎಂಐಎಸ್ ಬಡ್ಡಿ ತಿಂಗಳಾ ತಿಂಗಳಾ ಬರೋದರಿಂದ ಅದನ್ನ ಆರೂವರೆಯ ಬ್ಯಾಂಕ್ ಆರ್‌ಡಿಗೆ ಹಾಕಿದರೆ ಮೇಲೆ 17,000 ಹುಟ್ಟುತ್ತೆ, ಒಟ್ಟು 1,31,000 ಚಿಲ್ಲರೆ. ಟಿಡಿ ಬಡ್ಡಿ ವರ್ಷಕ್ಕೊಮ್ಮೆ, ಅದನ್ನೂ ಅಷ್ಟೇ ದರಕ್ಕೆ ಇಟ್ಟರೆ 12,000ದ ಹತ್ತಿರ, ಒಟ್ಟು 1,28,000. ಇನ್ನೊಂದು, ಎಂಐಎಸ್‌ನಲ್ಲಿ ನಾಲ್ಕನೇ ವರ್ಷಕ್ಕೂ ಇವತ್ತಿನ 7.4 ಗಟ್ಟಿ. ಟಿಡಿ ಮುಗಿದ ದಿನ ಒಂದು ವರ್ಷದ ದರ 6.9 ಇರುತ್ತೋ 6 ಇರುತ್ತೋ. 2025ರಲ್ಲಿ ರೆಪೊ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡೋ ದರ) 6.5ರಿಂದ 5.25ಕ್ಕೆ ಇಳಿದರೂ ಅಂಚೆ ದರ ಇನ್ನೂ 2024ರ ಜನವರಿಯದ್ದೇ ಇದೆ, ಸರ್ಕಾರ ಪ್ರತಿ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತೆ.

ಮಾನ್ವಿ ಮುಂಗಾರು
ಆ ಬಡ್ಡಿ ಮನಿ ಖರ್ಚಿಗೆ ಹೋಯ್ತಂದ್ರ ಟಿಡಿನೇ ಮ್ಯಾಲೆ. ತಿಂಗಳಾ 2,466 ಖಾತೆಗೆ ಬಿದ್ರ ಉಳಿತದ ಅಂತೀರೇನು? ಗ್ಯಾಸ್, ಕರೆಂಟ್, ಯಾರದೋ ಮುಯ್ಯಿ.

ಕೌಂಟರ್ ನಂಬರ್ 3
ಅದಕ್ಕೇ ಕೈಗೆ ಬರೋಕೆ ಮುಂಚೆ ಆರ್‌ಡಿಗೆ ಕಟ್ಟಿಹಾಕಬೇಕು. ಇವರು ತಿಂಗಳಾ 5,000 ಕಟ್ಟೋದು ಹೇಗೂ ಇದೆ. ಬ್ಯಾಂಕಿನಲ್ಲಿ 7,400ಕ್ಕೆ 48 ತಿಂಗಳ ಒಂದೇ ಆರ್‌ಡಿ ತೆಗೀಲಿ, ಅಂಚೆಯ 2,466 ಅದಕ್ಕೇ ಸೇರಲಿ. ತಪ್ಪಿಸೋಕೆ ಮನಸ್ಸು ಬರಲ್ಲ.

ಕುಷ್ಟಗಿ ಅಕ್ಕ
ಚೀಟಿ ಬಗ್ಗೆ ಹೇಳ್ರಿ. ಹೆಣ್ಮಕ್ಕಳು ಎಲ್ಲಾ ಅದರಾಗ ಅದೀವಿ.

ಸಂಡೂರು ಗುಡ್ಡ
ಓಣಿ ಚೀಟಿ ನಂಬಿಕೆ ಮೇಲೆ ನಡೆಯೋದು ಅಕ್ಕಾರೆ. ಕಟ್ಟಬೇಕಂದ್ರೆ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿ ಆಗಿರೋದಕ್ಕೆ ಕಟ್ರಿ. ಅಲ್ಲಿ ಚೀಟಿ ನಡೆಸೋರು ಚೀಟಿಯ ಪೂರ್ತಿ ಮೊತ್ತದ ಭದ್ರತೆ ರಿಜಿಸ್ಟ್ರಾರ್ ಹತ್ರ ಇಡ್ಬೇಕು, ಕಮಿಷನ್ 7 ಪರ್ಸೆಂಟ್ ಮೀರಂಗಿಲ್ಲ. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸ್ತೈತೆ. ಆದ್ರೆ ಚೀಟಿ ಚಲೋ ಇರೋದು ನಡುವೆ ಎತ್ತೋರಿಗೆ. ಕೊನೇವರೆಗೂ ಕೂರೋರಿಗೆ ಬೇರೆಯೋರು ಎಷ್ಟು ತಗ್ಗಿಸಿ ಕೂಗ್ತಾರೋ ಅಷ್ಟೇ ಲಾಭ, ಮೊದಲೇ ಹೇಳಾಕ ಬರಲ್ಲ.

ಬಳ್ಳಾರಿ ಲೆಕ್ಕಪತ್ರ
ಕೊನೇದೊಂದು ಎಚ್ಚರಿಕೆ. ಬ್ಯಾಂಕಿಗೆ ಆರ್‌ಡಿ ಮಾಡಿಸೋಕೆ ಹೋದಾಗ ಪಕ್ಕದ ಟೇಬಲ್ಲಿಗೆ ಕರೆದು "ಇದು ಹೊಸ ಎಫ್‌ಡಿ, ಬಡ್ಡಿ ಜಾಸ್ತಿ, ಲೈಫ್ ಕವರ್ ಫ್ರೀ" ಅಂತಾರೆ. ಅದು ಇನ್ಶೂರೆನ್ಸ್ ಪಾಲಿಸಿ. ಕಾಗದದಲ್ಲಿ "ಪ್ರೀಮಿಯಂ" ಅನ್ನೋ ಪದ ಇದ್ರೆ ಎದ್ದು ಬನ್ನಿ. ಸಹಿ ಹಾಕಿಬಿಟ್ಟಿದ್ರೆ ಪಾಲಿಸಿ ಕೈಗೆ ಬಂದ 30 ದಿನದೊಳಗೆ ವಾಪಸ್ ಮಾಡಬಹುದು, ಅದು ದಾಟಿದ್ರೆ ನಾಲ್ಕು ವರ್ಷಕ್ಕೆ ಕಟ್ಟಿದ್ದೂ ಪೂರಾ ಬರಲ್ಲ.
ಬಡ್ಡಿ ಒಂದು ಬ್ಯಾಂಕಲ್ಲಿ ವರ್ಷಕ್ಕೆ 50,000 ದಾಟಿದ್ರೆ ಮಾತ್ರ ಟಿಡಿಎಸ್ (ಬಡ್ಡಿಯಲ್ಲೇ ತೆರಿಗೆ ಕಡಿತ), ಇದು 2025ರ ಏಪ್ರಿಲ್‌ನಿಂದ. ನಿಮ್ಮದು ಅಲ್ಲಿವರೆಗೆ ಹೋಗಲ್ಲ.

ಕಿನ್ನಾಳ ಗೊಂಬೆ, ಕೊಪ್ಪಳ
ಭಾಳ ಉಪಕಾರ ಆತ್ರಿ ಎಲ್ರದೂ. ಹಿಂಗ ಮಾಡ್ತೀನಿ: ಎಂಐಎಸ್ 3,60,000, ಉಳಿದ 40,000 ಬ್ಯಾಂಕಿನಾಗ ಒಂದು ವರ್ಷದ ಎಫ್‌ಡಿ ಅಡಚಣಿಗೆ. ಆರ್‌ಡಿ ಬ್ಯಾಂಕಿನಾಗ 48 ತಿಂಗಳು. ಜಂಟಿ ಖಾತೆ ಮಾಡ್ಲೋ, ಒಬ್ರದೇ ಮಾಡ್ಲೋ? ಚೆಕ್ ಕೊಡ್ಲೋ, ನಗದು ಒಯ್ಯಲೋ?

ಕೌಂಟರ್ ನಂಬರ್ 3
ಒಬ್ಬರದಕ್ಕೆ 9 ಲಕ್ಷದ ಮಿತಿ, ಜಂಟಿಗೆ 15. ನಿಮ್ಮ ಮೊತ್ತಕ್ಕೆ ಯಾವುದಾದರೂ ನಡೆಯುತ್ತೆ. ಗಂಡ ಹೆಂಡತಿ ಜಂಟಿ ಮಾಡಿ, ನಾಮಿನಿ ಕಾಲಂ ಖಾಲಿ ಬಿಡಬೇಡಿ. 40,000ವನ್ನ ಒಂದೇ ರಸೀದಿ ಮಾಡಿಸದೆ 20,000ದ ಎರಡು ಎಫ್‌ಡಿ ಮಾಡಿ, ಅಡಚಣೆ ಬಂದಾಗ ಒಂದನ್ನೇ ಮುರಿಸಿದರೆ ಸಾಕು.
ಆಧಾರ್, ಪ್ಯಾನ್ ಜೆರಾಕ್ಸ್, ಎರಡೆರಡು ಫೋಟೊ. ಚೆಕ್ ಕೊಟ್ಟರೆ ಅದು ಪಾಸಾದ ದಿನವೇ ಖಾತೆ ತೆರೆದ ದಿನ, ಬಡ್ಡಿ ಅವತ್ತಿನಿಂದ. ನಾಲ್ಕು ವರ್ಷ ಎಣಿಸುವಾಗ ಆ ತಾರೀಖು ನೋಡಿ, ಚೆಕ್ ಬರೆದ ತಾರೀಖಲ್ಲ. ಆರ್‌ಡಿಯನ್ನೂ ಫೀ ಕಟ್ಟೋ ತಿಂಗಳಿಗಿಂತ ಒಂದು ತಿಂಗಳು ಮೊದಲೇ ಮುಗಿಯೋ ಹಾಗೆ ತೆಗೀರಿ.

ಒಗ್ಗರಣೆ ಮಿರ್ಚಿ
ಸರ್ವರ್ ಡೌನ್ ಇಲ್ಲದ ದಿನ ನೋಡ್ಕೊಂಡು ಹೋಗ್ರಿ.